ಬಣ್ಣದ ನೀರು: ತಿರುಪ್ಪೂರಿನಲ್ಲಿ ನಡೆದದ್ದು, ನಮ್ಮೂರುಗಳಲ್ಲಿ ಆಗಬೇಕಾದದ್ದು



ಸೊಲ್ಲಾಪುರದ ಚಾದರ, ಟವೆಲ್ ಉದ್ಯೋಗದಲ್ಲಿ, ರಾಯದುರ್ಗದ ಜೀನ್ಸ್ ಹೊಲಿಗೆಯಲ್ಲಿ, ಹೊಸೂರಿನ ಸಣ್ಣ ಕಾರ್ಖಾನೆಗಳಲ್ಲಿ ನಮ್ಮವರು ದುಡಿಯುತ್ತಿದ್ದಾರೆ. ಕೆಲವರು ಮಾಲೀಕರೂ ಹೌದು. ಮಾಲಿನ್ಯದ ಮಾತೆತ್ತಿದರೆ "ಅದು ದೊಡ್ಡ ಫ್ಯಾಕ್ಟರಿಯವರ ವಿಷಯ ಬಿಡಿ" ಎಂದುಬಿಡುತ್ತೇವೆ. ತಿರುಪ್ಪೂರಿನಲ್ಲಿಯೂ ಹಾಗೆಯೇ ಅಂದುಕೊಂಡಿದ್ದರು.

ಅಲ್ಲಿ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ನೂರಾರು ಘಟಕಗಳು ವರ್ಷಗಟ್ಟಲೆ ನೊಯ್ಯಲ್ ನದಿಗೆ ನೀರು ಬಿಟ್ಟವು. ಹೆಚ್ಚಿನವು ಸಣ್ಣವೇ. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದ ನೀರು ನಿಂತಿತು. ರೈತರು ನ್ಯಾಯಾಲಯಕ್ಕೆ ಹೋದರು. ಒಂದು ಹನಿಯೂ ಹೊರಗೆ ಬಿಡಬಾರದೆಂದು 2006ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಪಾಲನೆಯಾಗದ್ದರಿಂದ 2011ರ ಜನವರಿಯಲ್ಲಿ ಎಲ್ಲವನ್ನೂ ಮುಚ್ಚಿಸಿತು. ನೇಮದಿಂದ ನಡೆದವನಿಗೂ ಬೀಗ, ನಡೆಯದವನಿಗೂ ಬೀಗ. ಕೂಲಿಯವರು ಊರಿಗೆ ಹಿಂತಿರುಗಿದರು.

ತೊಡಕು ಇದ್ದದ್ದು ಉಪ್ಪಿನಲ್ಲಿ. ಹತ್ತಿಗೆ ಬಣ್ಣ ಹಿಡಿಯಲು ಉಪ್ಪು ಬೇಕು. ಆದರೆ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ, ನೀರಿನೊಂದಿಗೇ ಹೊರಗೆ ಹೋಗುತ್ತದೆ. ಸಾಮಾನ್ಯ ಶುದ್ಧೀಕರಣದಲ್ಲಿ ಬಣ್ಣ ತೆಗೆಯಬಹುದು, ಉಪ್ಪು ತೆಗೆಯಲಾಗದು. ಅದಕ್ಕೆ ಆರ್.ಓ. ಬೇಕು, ಆಮೇಲೆ ಉಳಿದ ನೀರನ್ನು ಕುದಿಸಿ ಇಂಗಿಸುವ ಯಂತ್ರ ಬೇಕು. ಅದರ ಕರೆಂಟು, ಸೌದೆಯ ಖರ್ಚು ಸಣ್ಣವನ ಕೈಗೆ ಎಟುಕುವಂಥದ್ದಲ್ಲ.

ಆದ್ದರಿಂದ ಕೊನೆಯಲ್ಲಿ ತೊಳೆಯುವುದಕ್ಕಿಂತ ಮೊದಲೇ ಕಡಿಮೆ ಮಾಡುವುದು ಲಾಭ. ಕಡಿಮೆ ಉಪ್ಪು ಬೇಡುವ ಬಣ್ಣಗಳು ಬಂದಿವೆ. ಬಣ್ಣ, ಉಪ್ಪು ಎರಡನ್ನೂ ಅಂದಾಜಿನಲ್ಲಿ ಸುರಿಯದೆ ತೂಗಿ ಹಾಕಿದರೆ, ಮೊದಲು ಸಣ್ಣ ತುಂಡಿನಲ್ಲಿ ನೋಡಿಕೊಂಡರೆ, ಮತ್ತೆ ಬಣ್ಣ ಹಾಕುವ ಪ್ರಸಂಗ ತಪ್ಪುತ್ತದೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ ಎಂದು ಸರದಿ ಇಟ್ಟರೆ ತೊಟ್ಟಿ ತೊಳೆಯುವ ನೀರು ಉಳಿಯುತ್ತದೆ. ಕೊನೆಯ ಜಾಲಿಸಿದ ನೀರು ಮುಂದಿನ ಸರಕಿನ ಮೊದಲ ಜಾಲಿಗೆ ಬರುತ್ತದೆ. ಉಜನಿಯ ನೀರಿಗೆ ದಿನ ಎಣಿಸುವ ಸೊಲ್ಲಾಪುರದವರಿಗೆ ನೀರಿನ ಬೆಲೆ ನಾವು ಹೇಳಬೇಕಿಲ್ಲ. ಹೊಸೂರಿನ ಪ್ಲೇಟಿಂಗ್ ಕೆಲಸದವರೂ ಸಾಮಾನನ್ನು ತೊಟ್ಟಿಯ ಮೇಲೆ ಅರೆ ನಿಮಿಷ ಹೆಚ್ಚು ಹಿಡಿದು ಸೋರಿಸಿದರೆ ರಾಸಾಯನಿಕ ತೊಟ್ಟಿಗೇ ಮರಳುತ್ತದೆ, ಚರಂಡಿಗಲ್ಲ.

ಕಾನೂನೂ ಬದಲಾಗಿದೆ. 2024ರ ಏಪ್ರಿಲ್‌ನಿಂದ ಪರಿಸರ ಸಂರಕ್ಷಣಾ ಕಾಯಿದೆಯಲ್ಲಿ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಜೈಲು ಹೋಯಿತೆಂದು ಕೆಲವರಿಗೆ ಸಮಾಧಾನ. ನಮಗೆ ಹಾಗೆ ಕಾಣುವುದಿಲ್ಲ. 15 ಲಕ್ಷ ದೊಡ್ಡ ಕಂಪನಿಗೆ ಒಂದು ಖರ್ಚಿನ ಬಾಬ್ತು. ನಾಲ್ಕು ಮಂದಿಯ ಬಣ್ಣದ ಮನೆಗೆ ಅದೇ ಬಂಡವಾಳ.

ಇನ್ನೊಂದು ಮಾತು. ನೋಟೀಸು ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಬರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿ. ಓದಲು ಬಾರದೆ ಏಜೆಂಟರ ಕೈಗೆ ಕೊಟ್ಟು ಸಹಿ ಹಾಕಿದವರು ನಮ್ಮಲ್ಲಿದ್ದಾರೆ. ಉತ್ತರಿಸುವ ಗಡುವು ಮೀರಿದ ಮೇಲೆ ಕಾಗದ ಹಿಡಿದು ಬಂದರೆ ನಮ್ಮಿಂದಲೂ ಏನೂ ಆಗದು. ಗುಮಾಸ್ತಿಕೆಯಲ್ಲಿ ತಲೆ ನೆರೆದ ನಮಗೆ ಕಡತದ ಭಾಷೆ ಅಷ್ಟಿಷ್ಟು ಗೊತ್ತು. ನೋಟೀಸು ಬಂದ ವಾರದಲ್ಲೇ, ಲಕೋಟೆಯ ಸಮೇತ, ಸಂಘದ ಕಚೇರಿಗೆ ತನ್ನಿ. ಕೂತು ಓದಿ ಕನ್ನಡದಲ್ಲಿ ಹೇಳುತ್ತೇವೆ.

ಕಾರ್ಯದರ್ಶಿ