ಓಲೆಯ ದುಡ್ಡು, ಮಗಳ ಕಿವಿಗೆ

ಮಂಠಾಳದ ಸೋದರಿಯೊಬ್ಬರು ಕೇಳಿದ್ದಾರೆ: "ಮಗಳು ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಾಳೆ. ಓಲೆಗೆಂದು ಕೂಡಿಟ್ಟ ದುಡ್ಡಿನಲ್ಲಿ ಹೆಡ್‌ಸೆಟ್ ಕೊಡಿಸಲೇ?"

ಧಾರಾಳವಾಗಿ ಕೊಡಿಸಿ, ತಾಯಿ! ಸಣ್ಣ ವಿಮಾನದಲ್ಲಿ ಕೂರುವುದೆಂದರೆ ಹಿಟ್ಟಿನ ಗಿರಣಿಯೊಳಗೆ ಕೂತಂತೆ. 85 ಡೆಸಿಬಲ್ ಮೀರಿದ ಸದ್ದು ದಿನವೂ ಗಂಟೆಗಟ್ಟಲೆ ಬಿದ್ದರೆ ಕಿವಿ ಮಂದವಾದೀತು. ಹಾಗೆ ಹೋದ ಕಿವಿ ಮರಳದು. ಪೈಲಟ್ ಪರವಾನಗಿಗೆ ಕಿವಿಯ ಪರೀಕ್ಷೆಯೂ ಉಂಟು.

ಕೊಳ್ಳುವ ಮೊದಲು ಹಿರಿಯ ವಿದ್ಯಾರ್ಥಿನಿಯರದನ್ನು ಅರ್ಧ ಗಂಟೆ ಹಾಕಿ ನೋಡಲಿ. ನೆತ್ತಿ ನೋಯಬಾರದು, ಮೆತ್ತೆಯೊಳಗೆ ಕಿವಿ ಪೂರಾ ಅಡಗಬೇಕು. ಕನ್ನಡಕದ ಕಡ್ಡಿ ದಪ್ಪವಿದ್ದರೆ ಸಂದಿನಲ್ಲಿ ಸದ್ದು ನುಗ್ಗುತ್ತದೆ. ಝುಮಕಿ ತೆಗೆದಿಡಲಿ.

ಬ್ಯಾಟರಿಯದು ಎಂಜಿನ್ನಿನ ಮೊರೆತವನ್ನು ಎದುರು ಸದ್ದಿನಿಂದ ತಗ್ಗಿಸುತ್ತದೆ, ಆದರೆ ದುಬಾರಿ. ಕೈ ಬಿಗಿಯಿದ್ದರೆ ಚೆನ್ನಾಗಿ ಮುಚ್ಚುವ ಸಾದಾದೇ ಸಾಕು. ಪಿನ್ನು ಶಾಲೆಯ ವಿಮಾನಕ್ಕೆ ಹೊಂದುವುದೇ ಎಂದು ಮೊದಲೇ ಕೇಳಿಕೊಳ್ಳಿ. ಓಲೆ ಮುಂದಿನ ದೀಪಾವಳಿಗಾಯಿತು, ಅಲ್ಲವೇ?