ಹಿತ್ತಿಲ ತೆಂಗಿನಲ್ಲೊಂದು ಸಂಸಾರ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದೊಡನೆ ನಮ್ಮ ಧಾರವಾಡ ಸೀಮೆಯ ಮನೆಗಳಲ್ಲಿ ಹಪ್ಪಳ ಸಂಡಿಗೆಗಳ ಸಡಗರ ಆರಂಭವಾಗುವುದನ್ನು ಓದುಗ ಬಂಧುಗಳು ಬಲ್ಲರು. ಈ ವರ್ಷ ನಮ್ಮ ಮನೆಯ ಸಡಗರಕ್ಕೆ ಎಣಿಸದ ವಿಘ್ನವೊಂದು ಒದಗಿತು. ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದ ನಮ್ಮ ಮನೆಯವರ ತಲೆಯ ಮೇಲೆ ಹದ್ದೊಂದು ಹಿಂದಿನಿಂದ ಎರಗಿ, ಉಗುರಿನಿಂದ ಗೀರಿ, ಅವರು ಕೂಗುವುದರೊಳಗಾಗಿ ಮೇಲೇರಿಬಿಟ್ಟಿತು. ಗಾಯ ದೊಡ್ಡದಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ವೈದ್ಯರಲ್ಲಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಬಂದೆವು. ಹಕ್ಕಿಗಳಿಂದ ಹುಚ್ಚುನಾಯಿ ರೋಗ ಹರಡುವುದಿಲ್ಲವೆಂದು ಅವರು ತಿಳಿಸಿದ ಮೇಲೆ ಮನೆಯವರಿಗೆ ಸಮಾಧಾನವಾಯಿತು.

ನಮ್ಮ ತಾಯಿಯವರ ಚಿಂತೆ ಬೇರೆಯಾಗಿತ್ತು. "ಹದ್ದು ತಲೀ ಮುಟ್ಟಿದ್ದು ಛಲೋ ಅಲ್ಲಪಾ. ಹಿಂದಕ್ಕ ಹಿಂಗಾದ್ರ ಮನೀನ ಬಿಡತಿದ್ರು" ಎಂದರು. "ಅವ್ವಾ, ನಾವು ಶಕುನ ನೋಡೋ ಮಂದಿ ಏನು?" ಎಂದೆವು. ಅವರು ಒಂದು ಕ್ಷಣ ಸುಮ್ಮನಿದ್ದು, "ಶಕುನ ಬ್ಯಾಡ ಬಿಡು. ಆದರ ನಮ್ಮ ಮನ್ಯಾಗ ಅದಕ್ಕ ತಿನ್ನಾಕ ಏನೈತಿ? ಮತ್ಯಾಕ ಬಂತು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ.

ಅದು ಬಂದದ್ದು ನಮ್ಮ ಅಡುಗೆಮನೆಯನ್ನು ನಂಬಿ ಅಲ್ಲ, ಹಿತ್ತಿಲಿನ ಎತ್ತರದ ತೆಂಗಿನ ಮರವನ್ನು ನಂಬಿ. ಮಾಘ ಮಾಸದಿಂದಲೂ ಕಡ್ಡಿ ಕಸ ಹೊತ್ತು ತಂದು ಗರಿಗಳ ಬುಡದಲ್ಲಿ ಗೂಡು ಹೆಣೆದಿದ್ದುದನ್ನು ನಾವ್ಯಾರೂ ಲಕ್ಷಿಸಿರಲಿಲ್ಲ. ಹದ್ದು ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಮರಿಯೊಡೆಯಲು ಸುಮಾರು ಒಂದು ತಿಂಗಳು, ಮರಿ ಹಾರಲು ಮುಂದೆ ಒಂದೂವರೆ ತಿಂಗಳಿಗೂ ಮಿಕ್ಕಿ ಬೇಕು. ಉಳಿದ ಕಾಲದಲ್ಲಿ ಮನುಷ್ಯನ ಗೊಡವೆಗೆ ಬಾರದ ಈ ಪಕ್ಷಿ, ಆ ಅವಧಿಯಲ್ಲಿ ಮಾತ್ರ ಗೂಡಿನ ಸನಿಹ ಸುಳಿದವರ ಮೇಲೆ ಎರಗುವುದುಂಟು.

ನೆರೆಹೊರೆಯವರೆಲ್ಲ ಗೂಡು ಕೆಡವಿಸಿರೆಂದೇ ಸಲಹೆಯಿತ್ತರು. ನಾವೂ ಒಪ್ಪಿದೆವೆಂದು ಹೇಳಲು ಇಂದು ಸಂಕೋಚವಾಗುತ್ತಿದೆ. ತೆಂಗಿನಕಾಯಿ ಕೀಳುವವನನ್ನು ಕರೆಸಿದೆವು. ತಲೆಗೆ ಟವೆಲು ಸುತ್ತಿಕೊಂಡು ಏರಿದ ಅವನ ಸುತ್ತ ಎರಡೂ ಹದ್ದುಗಳು ಚೀರುತ್ತ ಸುತ್ತಿದವು. ಗೂಡಿನವರೆಗೂ ಹೋದವನು ಬರಿಗೈಯಲ್ಲಿ ಇಳಿದು ಬಂದ. "ಎರಡು ಮರಿ ಅದಾವ್ರಿ ಸಾಹೇಬ್ರ. ಇನ್ನಾ ಪುಕ್ಕ ಸುದ್ದಾ ಬಂದಿಲ್ಲ. ನನ್ನ ಕೈಲೆ ಆಗೂದಿಲ್ಲ. ಕೂಲಿ ಬ್ಯಾಡ್ರಿ" ಎಂದುಬಿಟ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂತಹ ಪಕ್ಷಿಗಳ ಗೂಡು ಮೊಟ್ಟೆಗಳನ್ನು ಕೆಡಿಸುವುದು ಅಪರಾಧ. ಆತ ಆ ಕಾಯಿದೆಯನ್ನು ಓದಿದವನಲ್ಲ. ಓದಬಲ್ಲ ನಾವೂ ಓದಿರಲಿಲ್ಲ. ತಾಯಿಯವರು ಅವನಿಗೆ ಮಜ್ಜಿಗೆ ಕೊಟ್ಟು, ಬೇಡವೆಂದರೂ ಕೂಲಿಯನ್ನು ಕೈಯಲ್ಲಿಟ್ಟರು.

ನಮ್ಮ ಜನರ ಪಕ್ಷಪಾತವೊಂದು ವಿಚಿತ್ರವಾದುದು. ಬಿಳಿಯ ತಲೆ, ಇಟ್ಟಿಗೆಬಣ್ಣದ ರೆಕ್ಕೆಯ ಗರುಡ ಕಂಡರೆ ಕೈ ಮುಗಿಯುವರು. ಕವಲು ಬಾಲದ ಕಂದು ಹದ್ದು ಕಂಡರೆ ಅಪಶಕುನವೆನ್ನುವರು. ಇವೆರಡೂ ಹತ್ತಿರದ ನೆಂಟರು. ಸತ್ತದ್ದನ್ನು ತಿನ್ನುವುದರಲ್ಲಿಯೂ ಒಂದಕ್ಕೊಂದು ಕಡಿಮೆಯಲ್ಲ. ಬಣ್ಣ ನೋಡಿ ಕುಲ ಕಟ್ಟುವ ಚಾಳಿಯನ್ನು ನಾವು ಆಕಾಶಕ್ಕೂ ಏರಿಸಿದ್ದೇವೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ತಾಯಿಯವರು ತಮ್ಮ ತವರೂರಿನ ನೆನಪು ತೆಗೆದರು. ಎತ್ತು ಸತ್ತರೆ ಊರ ಹೊರಗೆ ಹಾಕುತ್ತಿದ್ದರಂತೆ; ರಣಹದ್ದುಗಳು ಹಿಂಡಾಗಿ ಇಳಿದು ಸಂಜೆಯೊಳಗೆ ಎಲುಬು ಮಾತ್ರ ಉಳಿಸುತ್ತಿದ್ದವಂತೆ. "ಈಗ ಅವು ಎಲ್ಲಿ ಹೋದುವೋ?" ಎಂದರು. ಅವುಗಳಿಗೆ ಯಾರೂ ಕಲ್ಲೆಸೆಯಲಿಲ್ಲ. ದನಗಳ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ, ಆ ದನ ಸತ್ತ ಮೇಲೆ ಅದನ್ನು ತಿಂದ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತಿತ್ತು. ಕಾರಣ ಬಯಲಾದುದು 2004ರಲ್ಲಿ. ಪಶುಗಳಿಗೆ ಅದನ್ನು ಕೊಡಬಾರದೆಂದು ಭಾರತ ಸರಕಾರ ನಿಷೇಧಿಸಿದ್ದು 2006ರಲ್ಲಿ. 1992ರಿಂದ 2007ರ ಅವಧಿಯಲ್ಲಿ ಬಿಳಿಬೆನ್ನಿನ ರಣಹದ್ದುಗಳು ನಮ್ಮ ದೇಶದಲ್ಲಿ ಸಾವಿರಕ್ಕೆ ಒಂದರಷ್ಟು ಮಾತ್ರ ಉಳಿದವು. ಷೋಲೆ ಚಿತ್ರ ತೆಗೆದ ರಾಮನಗರದ ರಾಮದೇವರಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಧಾಮವೊಂದನ್ನು ಮಾಡಬೇಕಾಯಿತು. ಇದನ್ನೆಲ್ಲ ಕೇಳಿದ ತಾಯಿಯವರು, "ಹಂಗಾರ ಇವಾದ್ರೂ ಇರಲಿ ಬಿಡು" ಎಂದು ಕೈ ತೊಳೆಯಲು ಎದ್ದರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಛತ್ರಿಯಿಲ್ಲದೆ ಮಾಳಿಗೆ ಏರುವ ಪದ್ಧತಿ ನಿಂತಿತು. ಸಂಡಿಗೆಯ ಹಿಟ್ಟು ಎದುರು ಮನೆಯ ಮಾಳಿಗೆಗೆ ಹೋಯಿತು. ನಮ್ಮ ಪಾಲಿನ ಹದಿನೈದಿಪ್ಪತ್ತು ಸಂಡಿಗೆ ಅಲ್ಲಿಯೇ ಕರಗಿದವೆಂದು ಮನೆಯವರು ಈಗಲೂ ಲೆಕ್ಕ ಹೇಳುವರು. ಯುಗಾದಿ ಕಳೆದು ಕೆಲವು ವಾರಗಳಾದ ಮೇಲೆ ಮರಿಗಳೆರಡೂ ಗರಿಯ ತುದಿಗೆ ಬಂದು ರೆಕ್ಕೆ ಬಡಿದವು. ಮತ್ತೆ ಕೆಲವು ದಿನಗಳಲ್ಲಿ ಮರ ಬರಿದಾಯಿತು.

ಮಳೆಗಾಲ ಮುಗಿದ ಬಳಿಕ ಅದೇ ಆಳು ಕಾಯಿ ಕೀಳಲು ಬಂದಾಗ ಅಳಿದುಳಿದ ಗೂಡು ತಾನಾಗಿಯೇ ಕೆಳಗೆ ಬಿತ್ತು. ಕಡ್ಡಿ, ತಂತಿಯ ತುಂಡು, ಗೋಣಿಯ ನಾರು. ನಡುವೆ, ಚಳಿಗಾಲದಿಂದ ಕಾಣೆಯಾಗಿ, ಕೆಲಸದ ಹುಡುಗಿಯ ಮೇಲೆ ಅನುಮಾನಕ್ಕೆ ಕಾರಣವಾಗಿದ್ದ ನಮ್ಮ ಅಡುಗೆಮನೆಯ ಮಸಿಬಟ್ಟೆ.