ಬ್ರೇಕ್ ಡಿಸ್ಕ್: ತುಕ್ಕೋ, ಸವೆತವೋ?

ರಾತ್ರಿ ಮಳೆ ಸುರಿದು ಬೆಳಗಾದರೆ ಚೆನ್ನೈಯ ಕಡಲಂಚಿನ ಬಡಾವಣೆಗಳಲ್ಲಿ ನಿಂತ ಕಾರುಗಳ ಬ್ರೇಕ್ ಡಿಸ್ಕುಗಳು ಕಾವಿ ಬಳಿದಂತೆ ಕೆಂಪಾಗಿರುತ್ತವೆ. ಬೆಸೆಂಟ್ ನಗರ, ತಿರುವಾನ್ಮಿಯೂರಿನ ಉಪ್ಪುಗಾಳಿಗೆ ಎರಕದ ಕಬ್ಬಿಣ ಬೇರೇನು ಮಾಡೀತು? ಈ ಬಣ್ಣವನ್ನೇ ತೋರಿಸಿ, ಪ್ಯಾಡುಗಳ ಜೊತೆಗೆ ಡಿಸ್ಕನ್ನೂ ಬದಲಿಸಿಬಿಡೋಣ ಎನ್ನುವ ಮೆಕ್ಯಾನಿಕರಿದ್ದಾರೆ. ತಲೆಯಾಡಿಸುವ ನಾವೂ ಇದ್ದೇವೆ.

ಮೇಲುತುಕ್ಕು ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ಡಿಸ್ಕಿನ ಆಯುಸ್ಸನ್ನು ಹೇಳುವುದು ಅದರ ದಪ್ಪ. ಎಷ್ಟರವರೆಗೆ ಸವೆಯಬಹುದು ಎಂಬ ಕನಿಷ್ಠ ಅಳತೆಯನ್ನು ತಯಾರಕರು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ಏಣಾಗಿ ಉಳಿಯುವುದರಿಂದ ವರ್ನಿಯರ್ ಕ್ಯಾಲಿಪರ್ ಆ ಏಣಿನ ಮೇಲೆ ಕೂತು ಹೆಚ್ಚಿನ ದಪ್ಪ ತೋರಿಸಿ ವಂಚಿಸಬಹುದು, ಮೈಕ್ರೋಮೀಟರ್ ಲೇಸು. ಆಳವಾದ ಗೀರು, ಬಿರುಕು, ಒತ್ತಿದಾಗ ಪೆಡಲಿನಲ್ಲಿ ನಡುಕ, ಇವು ಬೇರೆಯ ದೂರುಗಳು. ಅವುಗಳಿಗೆ ಅಳತೆಯೊಂದೇ ಸಾಲದು. ಪ್ಯಾಡಿನ ಉಜ್ಜುವ ಪದರ 3 ಮಿಲಿಮೀಟರಿಗೆ ಇಳಿದರಂತೂ ತಡಮಾಡಬಾರದು.

ಆದ್ದರಿಂದಲೇ ಈ ಕೆಲಸವನ್ನು ಒಮ್ಮೆಯಾದರೂ ಮನೆಯಲ್ಲಿ ಮಾಡಿ ನೋಡಬೇಕೆಂದು ನಾನು ವಾದಿಸುತ್ತೇನೆ. ಉಳಿಯುವ ಹಣ ಅಷ್ಟಕ್ಕಷ್ಟೆ. ಉಪಕರಣ ಕೊಳ್ಳುವುದರಲ್ಲಿ ಅದೂ ಕರಗುತ್ತದೆ. ಸಿಗುವುದು ನಿರ್ಧರಿಸುವ ಹಕ್ಕು. 'ಇದು ಪ್ರಾಣದ ವಿಷಯ, ಬಲ್ಲವರಿಗೆ ಬಿಡಿ' ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಂದಿನ ಗಾಲಿಗಳ ಪ್ಯಾಡ್ ಮತ್ತು ಡಿಸ್ಕ್, ಅಲ್ಲಿಗೆ ಗೃಹಸ್ಥನ ಗಡಿ. ಬ್ರೇಕ್ ಎಣ್ಣೆಯ ಕೊಳವೆ ಬಿಚ್ಚುವುದು, ವಿದ್ಯುತ್ ಪಾರ್ಕಿಂಗ್ ಬ್ರೇಕಿರುವ ಹಿಂಗಾಲಿಗಳನ್ನು ಮುಟ್ಟುವುದು ಪರಿಣತರ ಪಾಲಿಗಿರಲಿ.

ಗಡಿಯೊಳಗೂ ಕೆಲವು ಕಟ್ಟಳೆಗಳುಂಟು. ಬರಿಯ ಜ್ಯಾಕನ್ನು ನಂಬದೆ ಸ್ಟ್ಯಾಂಡ್ ಕೊಡಬೇಕು. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಕೊಳವೆಯಿಂದ ಜೋತುಬಿಡದೆ ತಂತಿಯಿಂದ ಕಟ್ಟಬೇಕು. ಪ್ಯಾಡಿನ ಧೂಳನ್ನು ಊದಬಾರದು. ಹಳೆಯ ಪ್ಯಾಡುಗಳಲ್ಲಿ ಕಲ್ನಾರಿರುತ್ತಿತ್ತು, ಇಲ್ಲದಿದ್ದರೂ ಅದು ಶ್ವಾಸಕ್ಕೆ ಹಿತವಲ್ಲ. ಹೊಸ ಡಿಸ್ಕ್ ಕೂರುವ ಹಬ್ಬಿನ ತುಕ್ಕನ್ನು ಉಜ್ಜಿ ತೆಗೆಯದಿದ್ದರೆ ಡಿಸ್ಕ್ ಓರೆಯಾಗಿ ತಿರುಗಿ ಪೆಡಲು ನಡುಗುತ್ತದೆ. ನಮ್ಮ ಊರಿನಲ್ಲಂತೂ ಈ ಒಂದು ಹೆಜ್ಜೆಯನ್ನು ಮರೆಯುವಂತಿಲ್ಲ. ಬದಲಿಸಿದರೆ ಎರಡೂ ಬದಿ ಬದಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾರು ಕದಲಿಸುವ ಮುನ್ನ ಪೆಡಲು ಗಟ್ಟಿಯಾಗುವವರೆಗೆ ಒತ್ತುತ್ತಿರಬೇಕು. ಪಿಸ್ಟನ್ ಹಿಂದಕ್ಕೆ ಸರಿದಿರುವುದರಿಂದ ಮೊದಲ ಒತ್ತು ಬರಿದೇ ನೆಲಕ್ಕಿಳಿಯುತ್ತದೆ.

ವಿಚಿತ್ರವೆಂದರೆ ಇದು ಬ್ರೇಕುಗಳನ್ನೇ ತಯಾರಿಸುವ ಊರು. ಪಾಡಿಯ ಬ್ರೇಕ್ಸ್ ಇಂಡಿಯಾ 1962ರಲ್ಲಿ ಆರಂಭವಾದ ಸಂಸ್ಥೆ. ರಾಣೆ ಬ್ರೇಕ್ ಲೈನಿಂಗ್ ಕೂಡ ಇಲ್ಲಿಯದೇ ಆಗಿತ್ತು. ಬಿಡಿಭಾಗ ಬೇಕಾದರೆ ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಸಾಲಿದೆ. ನಮ್ಮ ಹರುಕು ತಮಿಳು ಅಲ್ಲಿ ಧಾರಾಳ ಸಾಕು, ಪ್ಯಾಡು ಡಿಸ್ಕುಗಳ ಹೆಸರು ಉಭಯ ಭಾಷೆಗಳಲ್ಲೂ ಇಂಗ್ಲಿಷೇ! ಪುದುಪೇಟೆಯಲ್ಲಿ ಹಳೆಯ ಕನ್ನಡಿಯನ್ನೋ ಬಾಗಿಲನ್ನೋ ಕೊಳ್ಳಿ. ಹಳೆಯ ಡಿಸ್ಕ್ ಮಾತ್ರ ಬೇಡ.

ಇಷ್ಟೆಲ್ಲ ಇದ್ದೂ ಅಡ್ಡ ಬರುವುದು ಅಪಾರ್ಟ್‌ಮೆಂಟ್ ಸಂಘಗಳ ನಿಯಮ. ವಾಹನ ನಿಲ್ಲಿಸುವ ಜಾಗದಲ್ಲಿ ದುರಸ್ತಿ ನಿಷಿದ್ಧ ಎಂಬ ಫಲಕ ಎಷ್ಟೋ ಕಡೆ ತೂಗುತ್ತದೆ. ಎಣ್ಣೆ ಚೆಲ್ಲುವವರ ಮೇಲಿನ ಸಿಟ್ಟು ನ್ಯಾಯವೇ. ಆದರೆ ಸಮತಟ್ಟಾದ ಗಟ್ಟಿ ನೆಲ ನಗರವಾಸಿಗೆ ಸಿಗುವುದು ಅಲ್ಲಿ ಮಾತ್ರ; ಅದನ್ನು ನಿರಾಕರಿಸಿದರೆ ಉತ್ಸಾಹಿ ಬೀದಿಬದಿಯ ಇಳಿಜಾರಿನಲ್ಲಿ ಜ್ಯಾಕ್ ಏರಿಸುತ್ತಾನೆ. ಭಾನುವಾರದ ಎರಡು ಗಂಟೆ, ಒಂದು ಮೂಲೆ, ಕೆಳಗೆ ಹಾಸಲು ಹಳೆಯ ರಟ್ಟು: ಮುಂದಿನ ಸಭೆಯಲ್ಲಿ ಇಷ್ಟನ್ನು ಕೇಳುವವರಿದ್ದರೆ ಅನುಮೋದಿಸಲು ನಾನು ಕೈಯೆತ್ತುತ್ತೇನೆ.